ನೀರು ಕುಡಿಯದೆ ಕಲಿಸಿದ ದಿನಗಳು

ಹದಿನಾಲ್ಕರ ಮಗ್ಗಿ ಹೇಳಿಸುತ್ತಿದ್ದವಳಿಗೆ ಅರ್ಧಕ್ಕೆ ಬಂದಾಗ ಮುಂದಿನದು ಹೊಳೆಯಲೇ ಇಲ್ಲ. ಮಕ್ಕಳು ನನ್ನ ಬಾಯಿ ನೋಡುತ್ತ ಕುಳಿತವು. ಕೊನೆಗೆ ತಾವೇ ಮುಂದುವರಿಸಿ ನನ್ನ ಮಾನ ಉಳಿಸಿದವು.

ಎಪ್ಪತ್ತರ ದಶಕದ ಮಾತು. ಸಿಂದಗಿಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೆ. ದಿನಾ ಆಲಮೇಲದ ಬಸ್ಸು ಹಿಡಿದು, ದಾರಿಯಲ್ಲಿ ಸಿಗುವ ಹಳ್ಳಿಯೊಂದರ ಶಾಲೆಗೆ ಕಲಿಸಲು ಹೋಗುತ್ತಿದ್ದೆ. ಕೆಲಸ ಹೊಸದು. ಮಧ್ಯಾಹ್ನವಾದರೆ ಸಾಕು, ತಲೆ ಮಂಕಾಗುತ್ತಿತ್ತು. ಹಾಜರಿ ಕೂಗುವಾಗ ಹೆಸರು ತಪ್ಪುತ್ತಿತ್ತು, ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ.

ನನ್ನ ಹೆದರಿಕೆಗೆ ಕಾರಣವಿತ್ತು. ಇಂಗಳೇಶ್ವರದಲ್ಲಿದ್ದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ವಯಸ್ಸಾಗುವ ಮೊದಲೇ ಒಂದೊಂದೇ ಮರೆಯತೊಡಗಿ, ಕೊನೆಗೆ ಹೆತ್ತ ಮಗಳನ್ನೇ “ಯಾರ ಪೈಕಿ ನೀ?” ಎಂದು ಕೇಳಿದ್ದಳು. ನನಗೆ ಕಣ್ಣು ಮೂಗು ದೊಡ್ಡವ್ವನದೇ ಎಂದು ಎಲ್ಲರೂ ಹೇಳುತ್ತಿದ್ದರು. ತಲೆಯೂ ಅವಳದೇ ಬಂದಿದ್ದರೆ? ಆ ಯೋಚನೆಗೆ ನಿದ್ದೆ ಹಾರಿಹೋಗುತ್ತಿತ್ತು. ನಿದ್ದೆಗೆಟ್ಟ ಮರುದಿನ ಮರೆವು ಇನ್ನಷ್ಟು ಹೆಚ್ಚಾಗುತ್ತಿತ್ತು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಬಾಗೇವಾಡಿಯಿಂದ ಅವ್ವ ಮಂತ್ರಿಸಿದ ದಾರ ಕಳಿಸಿದಳು. ಕುಡಿದದ್ದೂ ಆಯಿತು, ಕಟ್ಟಿಕೊಂಡದ್ದೂ ಆಯಿತು. ಏನೂ ಉಪಯೋಗವಾಗಲಿಲ್ಲ.

ಒಂದು ರವಿವಾರ ಅತ್ತಿಗೆ ರೊಟ್ಟಿ ಬಡಿಯುತ್ತಲೇ ಕೇಳಿದರು.

“ಇವತ್ತ ಒಂದೂ ಮರತಿಲ್ಲಲ್ಲ ನೀ? ಸಾಲಿ ಇದ್ದ ದಿನ ಅಷ್ಟ ತಲಿ ಕೆಡತೈತೇನು?”

“ಗೊತ್ತಿಲ್ರಿ ವೈನಿ.”

“ಮುಂಜಾನಿ ಚಾ ಕುಡದು ಓಡ್ತಿ. ಆಮ್ಯಾಗ ನೀರು?”

ಇದ್ದದ್ದನ್ನು ಹೇಳಿಬಿಟ್ಟೆ. ಆ ಶಾಲೆಗೆ ಪಾಯಖಾನೆ ಇರಲಿಲ್ಲ. ಗಂಡಸು ಮಾಸ್ತರರು ಹಳ್ಳದ ಕಡೆ ಹೋಗಿ ಬರುತ್ತಿದ್ದರು. ನಾನು ಮತ್ತು ಇನ್ನೊಬ್ಬ ಹಿರಿಯ ಶಿಕ್ಷಕಿ ಮಾತ್ರ ಮನೆ ಬಿಟ್ಟ ಮೇಲೆ ಮತ್ತೆ ಮನೆ ಸೇರುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅವರು ನನ್ನನ್ನು ಪಕ್ಕಕ್ಕೆ ಕರೆದು, “ಒಂದ ಗುಟುಕೂ ಕುಡಿಬ್ಯಾಡ್ರಿ, ಫಜೀತಿ ಆಗ್ತೈತಿ” ಎಂದು ಕಲಿಸಿಕೊಟ್ಟಿದ್ದರು. ಖಾರ ತಿಂದರೆ ನೀರಡಿಕೆಯಾಗುತ್ತದೆಂದು ಡಬ್ಬಿಯ ಊಟವನ್ನೂ ಅರ್ಧ ಬಿಡುತ್ತಿದ್ದೆ.

“ಎತ್ತಿಗೂ ನಡುವ ನೀರು ಕುಡಸ್ತಾರ. ನೀ ಏನು ಕಲ್ಲೇನು?” ಎಂದು ಅತ್ತಿಗೆ ಸಿಟ್ಟಾದರು.

ಅತ್ತಿಗೆಯದು ಮಾತಿನಲ್ಲೇ ಮುಗಿಯುವ ಸಿಟ್ಟಲ್ಲ. ಮರುದಿನ ನನ್ನ ಜೊತೆ ಬಸ್ಸು ಹತ್ತಿ ಬಂದು, ಶಾಲೆಯ ಹಿಂದಿನ ದೊಡ್ಡ ಮನೆಯ ಬಾಗಿಲು ಬಡಿದೇಬಿಟ್ಟರು. ಅವರ ಹಿತ್ತಲಲ್ಲಿ ಪಾಯಖಾನೆ ಇತ್ತು. ನಾಚಿಕೆಯಿಂದ ನಾನು ನೆಲ ನೋಡುತ್ತ ನಿಂತಿದ್ದೆ. ಮನೆಯಾಕೆ ನಕ್ಕು, “ಇಷ್ಟಕ್ಕ ಕೇಳೂದೇನ್ರಿ, ಸಾಲಿ ಅಕ್ಕಾರು ಇಬ್ರೂ ಬರ್ಲಿ” ಎಂದರು.

ಅಂದಿನಿಂದ ಅತ್ತಿಗೆಯ ಕಾನೂನು ಶುರುವಾಯಿತು. ಬೆಳಿಗ್ಗೆ ರೊಟ್ಟಿ ಮೊಸರು ತಿನ್ನದೆ ಹೊಸಿಲು ದಾಟುವಂತಿಲ್ಲ. ಚೀಲದಲ್ಲಿ ನೀರು ಇರಲೇಬೇಕು. ಸಂಜೆ ಬಸ್‌ಸ್ಟ್ಯಾಂಡಿನಿಂದ ಸುತ್ತುಹಾಕಿ ನಡೆದು ಬರಬೇಕು. ಊಟವಾದ ಮೇಲೆ ಚಹದ ಮಾತೆತ್ತುವಂತಿಲ್ಲ, ಬೇಗ ಮಲಗಬೇಕು. ತಲೆ ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಹೆಸರೊಂದು ತಪ್ಪಿದರೂ ದೊಡ್ಡವ್ವ ನೆನಪಾಗುತ್ತಿದ್ದಳು. ಆದರೆ ದೀಪಾವಳಿ ಬರುವ ಹೊತ್ತಿಗೆ ಮಗ್ಗಿಗಳು ಎಡವದೆ ಬರತೊಡಗಿದ್ದವು. ರಾತ್ರಿ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಬಿಸಿಲು ಏರಿದ ಒಂದು ಮಧ್ಯಾಹ್ನ ತರಗತಿಯ ಹೆಣ್ಣುಮಕ್ಕಳು ಹಲಗೆಯ ಮೇಲಿನ ಲೆಕ್ಕವನ್ನು ಸುಮ್ಮನೆ ನೋಡುತ್ತ ಕುಳಿತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಪಾಠ ನಿಲ್ಲಿಸಿ, ಎಲ್ಲರೂ ಎದ್ದು ನೀರು ಕುಡಿಯಿರಿ ಎಂದೆ. ಗಂಡುಹುಡುಗರು ಕೊಡಕ್ಕೆ ಮುಗಿಬಿದ್ದರು. ಹುಡುಗಿಯರು ಒಬ್ಬರೂ ಏಳಲಿಲ್ಲ.

“ಯಾಕವಾ, ನೀರಡಿಕಿ ಇಲ್ಲೇನು?” ಎಂದು ಮುಂದೆ ಕುಳಿತವಳನ್ನು ಕೇಳಿದೆ.

“ಐತ್ರಿ ಅಕ್ಕಾರ. ನಿಮಗಾದ್ರ ಆ ಮನಿ ಐತಿ. ನಾವು ಬೆಳಕಿನ್ಯಾಗ ಎಲ್ಲಿ ಹೋಗೂದ್ರಿ?”

ಅಂದು ನನ್ನ ತಲೆ ನಿಚ್ಚಳವಾಗಿಯೇ ಇತ್ತು. ಆದರೂ ಇಷ್ಟು ದಿನ ಈ ಹುಡುಗಿಯರನ್ನೇ ಮರೆತಿದ್ದೆ.