ಜಾಂಬಿಯಾದ ಸಂಬಂಧ

ಗಣಿಗಳೆಲ್ಲ ಬಂದ್ ಆದ ವರ್ಷವೇ ಗಣಿಗಾರಿಕೆ ಡಿಪ್ಲೊಮಾಕ್ಕೆ ಸೇರಿದ ದೂರದೃಷ್ಟಿ ವೀರೇಶನದು. ಮುಂದೆ ಮತ್ತೆ ತೆರೆದ ಸಂಡೂರಿನ ಗಣಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್ ಆದ. ಅಲ್ಲಿಂದೀಚೆಗೆ ಅವನು ಗಳಿಸಿದ್ದೆಂದರೆ ಒಂದು ಕಾಲಕ್ಕೆ ಬಿಳಿಯಾಗಿದ್ದ ಕೆಲವು ಅಂಗಿಗಳು ಮತ್ತು ಅವನನ್ನು ಒಲ್ಲೆನೆಂದ ಕೆಲವು ಹುಡುಗಿಯರು. ಕಡೆಗೆ ಆಫ್ರಿಕಾದ ಜಾಂಬಿಯಾ ದೇಶದ ತಾಮ್ರದ ಗಣಿಯಲ್ಲಿ ಕೆಲಸ ಸಿಕ್ಕಿತು. ಸೋದರಮಾವ ಶಂಭುಲಿಂಗ ಕೂಡಲೇ ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವ ಹಳೇ ದೋಸ್ತ ಅಂದಾನಪ್ಪನಿಗೆ ಫೋನ್ ಹಚ್ಚಿ, ಅವರ ಮಗಳು ಸ್ಫೂರ್ತಿಯನ್ನು ವೀರೇಶನಿಗೆ ಕೇಳಿದ.

"ಬರ್ರಿ, ನೋಡೂಣು" ಎಂಬ ಉತ್ತರ ಬಂತು.

ಈ ಸಲವಾದರೂ ಹೂಂ ಅನ್ನಿಸಿಕೊಳ್ಳಲೇಬೇಕೆಂದು ವೀರೇಶ ಜಾಂಬಿಯಾದ ಚರಿತ್ರೆಯನ್ನು ಪರೀಕ್ಷೆಗೆ ಓದಿದಂತೆ ಓದಿಕೊಂಡು ಶಂಭುಲಿಂಗನ ಜೊತೆ ಕಂಪ್ಲಿಗೆ ಹೋದ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು.

"ಗಣಿ ಹೆಂಗೈತ್ರಿ?" ಅಂದಾನಪ್ಪ ಕೇಳಿದರು.

"ಮದ್ಲು ಬ್ರಿಟಿಷರು ಅಗದ್ರುರಿ. ಸ್ವಾತಂತ್ರ್ಯ ಬಂದ ಮ್ಯಾಲ ಸರ್ಕಾರ ತಗೊಂತು. ರೇಟ್ ಬಿತ್ತು, ಸಾಲ ಬೆಳೀತು, ಖಾಸಗಿಯವ್ರಿಗೆ ಮಾರಿದ್ರು. ಈಗ ಚೀನಾದವ್ರದ ಜೋರು."

"ಚೀನಾದವ್ರು ಅದಿರು ಕೊಳ್ಳಾಕ ಹತ್ತಿದಾಗಿಂದನ ನಮ್ಮ ರೋಡು ಹಾಳಾಗಿದ್ದು. ಊರ ಮಂದಿಗೆ ಏನರ ಉಳೀತೇನು?"

"ಧೂಳು ಉಳದೈತ್ರಿ. ಮಾಲು ರೈಲು ಹತ್ತಿ ಬಂದರಿಗೆ ಹೋಗತೈತಿ."

"ಎಲ್ಲಾ ಕಣ್ಣಾರೆ ನೋಡೀನಿ ಬಿಡ್ರಿ."

ಭಾವಿ ಮಾವನ ಜಾಗತಿಕ ಜ್ಞಾನ ಕಂಡು, ತಾನು ನಿದ್ದೆಗೆಟ್ಟು ಓದಿದ್ದು ದಂಡವಾಯಿತೆಂದು ವೀರೇಶನಿಗೆ ಅನ್ನಿಸಿತು.

"ಮಗಳು ಕೈಗೆ ಸಿಗೋ ದೂರದಾಗ ಇರ್ತಾಳ. ಐತವಾರಕ್ಕೊಮ್ಮೆ ಬಂದು ಉಂಡು ಹೋಗ್ರಿ, ಸಾಕು" ಎಂದರು ಅಂದಾನಪ್ಪ.

ವೀರೇಶನ ಕೈಯ ಮಿರ್ಚಿ ಬಾಯಿ ತಲುಪಲಿಲ್ಲ. "ಆಫ್ರಿಕಾದಿಂದ ಐತವಾರಕ್ಕೊಮ್ಮೆ ಹೆಂಗ್ರಿ?"

"ಆಫ್ರಿಕಾನಾ? ಹೊಸಪೇಟಿ ಜಂಬುನಾಥನ ಗುಡ್ಡದ ಗಣಿ ಅಲ್ಲೇನು?"

ಫೋನಿನಲ್ಲಿ ಶಂಭುಲಿಂಗ ಅಂದ 'ಜಾಂಬಿಯಾ', ಮಿಲ್ಲಿನ ಸದ್ದಿನಲ್ಲಿ 'ಜಂಬುನಾಥ' ಆಗಿತ್ತು. ಉಳಿದ ಚರಿತ್ರೆ ಎರಡಕ್ಕೂ ಅಳತೆ ತೆಗೆದು ಹೊಲಿದಂತಿತ್ತು.

"ಲೇ ಶಂಭುಲಿಂಗ, ಹಿಂಗ ಮಾಡ್ತಾರೇನೋ? ನನಗಿದು ಬ್ಯಾಡಪ್ಪ!"

"ನಾ ಸರಿಯಾಗೇ ಹೇಳೀನಿ. ನೀ ಮಿಲ್ ಬಂದ್ ಮಾಡಿ ಕೇಳಬೇಕಿತ್ತು."

ವೀರೇಶ ಒಲ್ಲೆನೆಂದವರ ಸಾಲಿಗೆ ಮನಸ್ಸಿನಲ್ಲೇ ಇನ್ನೊಬ್ಬಳನ್ನು ಸೇರಿಸಿ, ಏಳಲು ಅನುವಾದ. ಆಗ ಒಳಬಾಗಿಲಲ್ಲಿ ನಿಂತಿದ್ದ ಸ್ಫೂರ್ತಿ ಬಾಯಿಬಿಟ್ಟಳು.

"ಅಪ್ಪಾಜಿ, ಜಂಬುನಾಥನ ಗುಡ್ಡ ಆಗಿದ್ರ ನಾನ ಒಲ್ಲೆ ಅಂತಿದ್ದೆ. ಜಾಂಬಿಯಾ ಆದ್ರ ಹೂಂ."

ಹುಡುಗಿ ಒಪ್ಪಿದ್ದು ತನ್ನನ್ನೋ ವಿಮಾನವನ್ನೋ ಎಂದು ಕೇಳುವ ಧೈರ್ಯ ವೀರೇಶನಿಗಿರಲಿಲ್ಲ. ಅಂದಾನಪ್ಪ ಗಲ್ಲ ಕೆರೆದುಕೊಂಡರು.

"ಅಲ್ಲಿ ಮಂದಿ ಏನು ಉಣ್ತಾರ?"

"ಮೆಕ್ಕೆಜೋಳದ ಮುದ್ದಿರಿ."

"ಅನ್ನ?"

"ಸಿಗತೈತ್ರಿ. ಹೊರಗಿಂದ ಬರೋದು ಭಾಳ ತುಟ್ಟಿ ಅಂತಾರ."

"ತುಟ್ಟಿ?" ಅಂದಾನಪ್ಪನವರ ಮುಖ ಅರಳಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಅಕ್ಕಿ ಇಳಸಾಕ ಆ ಬಂದರು ಯಾವುದ್ರಿ ಅಳಿಯಂದ್ರ?" ಎಂದರು.

ಬ್ರಿಟಿಷರಾದರು, ಚೀನಿಯರಾದರು; ಈಗ ಜಾಂಬಿಯಾದ ಮೇಲೆ ಕಂಪ್ಲಿಯ ಕಣ್ಣೂ ಬಿತ್ತು.