ಜಂಬಪ್ಪನ ಗುಡ್ಡದ ಗೂಬೆಗಳು

ಕಡ್ಡಿರಾಂಪುರದ ಆಶಾ ಕಾರ್ಯಕರ್ತೆ ಹಂಪಮ್ಮ ಓಣಿಗೆ ಬಂದರೆ ಮಾತ್ರೆ ಕೇಳುವವರಿಗಿಂತ "ಇವತ್ತು ಯಾವ ಹಕ್ಕಿ ಸಿಕ್ತವ್ವ?" ಎಂದು ಕೇಳುವವರೇ ಹೆಚ್ಚು. ನಲವತ್ತಾರು ವರ್ಷದ ಹೆಂಗಸು. ಗುಲಾಬಿ ಸೀರೆ, ಹೆಗಲಿಗೆ ಇಲಾಖೆಯ ಚೀಲ, ಚೀಲದ ತಳದಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಕ್ಯಾಮೆರಾ. ಹೊಸಪೇಟೆಯಲ್ಲಿ ಮದುವೆ ಫೋಟೊ ತೆಗೆಯುವ ಅವಳ ತಮ್ಮ ತಾನು ಹೊಸದನ್ನು ಕೊಂಡಾಗ ಹಳೆಯದನ್ನು ಅಕ್ಕನ ಕೈಗಿತ್ತಿದ್ದ. ಕಾಲುವೆ ದಂಡೆಯ ಮಿಂಚುಳ್ಳಿಯಿಂದ ಶುರುವಾದ ಹುಚ್ಚು. ಎಂಟು ವರ್ಷದಲ್ಲಿ ಊರ ಸುತ್ತಲಿನ ನೂರಾ ಹನ್ನೆರಡು ಬಗೆಯ ಹಕ್ಕಿಗಳು ಅವಳ ಕ್ಯಾಮೆರಾಕ್ಕೆ ಬಂದಿದ್ದವು. ಅಷ್ಟರಲ್ಲೂ ಅವಳಿಗೆ ಜೀವದಷ್ಟು ಹತ್ತಿರವಾಗಿದ್ದದ್ದು ಜಂಬಪ್ಪನ ಗುಡ್ಡದ ಕೊಂಬಿನ ಗೂಬೆ ಜೋಡಿ.

ಜಂಬಪ್ಪನ ಭತ್ತದ ಗದ್ದೆಗೆ ಒತ್ತಿಕೊಂಡೇ ಬಂಡೆಗುಡ್ಡ. ಅರ್ಧ ಎತ್ತರದಲ್ಲಿ ಮುಂದಕ್ಕೆ ಚಾಚಿದ ಒಂದು ಬಂಡೆ, ಅದರ ಮುಂದೆ ದಟ್ಟವಾದ ಮುಳ್ಳಿನ ಪೊದೆ. ಆ ಪೊದೆಯ ನೆರಳಿನಲ್ಲಿ ಬರೀ ನೆಲದ ಮೇಲೆ ಗೂಬೆ ಮೊಟ್ಟೆ ಇಡುತ್ತಿತ್ತು. ಮೊದಲ ವರ್ಷ ಜಂಬಪ್ಪ ಪಟಾಕಿ ತಂದಿಟ್ಟುಕೊಂಡಿದ್ದ. ಗೂಬೆ ಕೂಗಿದ ಹೊಲ ಹಾಳು ಎಂಬುದು ಅವನ ನಂಬಿಕೆ. ಹಂಪಮ್ಮ ವಾದಕ್ಕೆ ಹೋಗಲಿಲ್ಲ. ಗೂಬೆ ಉಗುಳಿದ ಒಣ ಉಂಡೆಗಳನ್ನು ಬಂಡೆಯ ಕೆಳಗಿಂದ ಆರಿಸಿ ತಂದು ಅವನ ಅಂಗೈ ಮೇಲೆ ಒಡೆದಳು. ಸಣ್ಣ ಸಣ್ಣ ಎಲುಬು, ಹಲ್ಲು, ಕೂದಲು.

"ಇವು ಯಾವ ಎಲುಬು ನೋಡ್ರಿ ಮಾವ."

ಜಂಬಪ್ಪ ಬೆರಳಿಂದ ಕೆದರಿ ನೋಡಿದ. "ಇಲೀವು."

"ನಿಮ್ಮ ಭತ್ತ ತಿಂದ ಇಲೀನ ಇವು. ಒಂದ ಉಂಡ್ಯಾಗ ಮೂರು ಅದಾವ."

ಅವತ್ತಿನಿಂದ ಜಂಬಪ್ಪ ಮರಿ ಹಾರುವವರೆಗೆ ಗುಡ್ಡದ ಹುಲ್ಲಿಗೆ ಕುಡುಗೋಲು ಹಾಕುತ್ತಿರಲಿಲ್ಲ, ಬೆಂಕಿ ಹಚ್ಚುತ್ತಿರಲಿಲ್ಲ. ಮೂರು ವರ್ಷ ಮಾತು ನಡೆಸಿದ. ಆ ಮೂರು ವರ್ಷದಲ್ಲಿ ಏಳು ಮರಿ ಹಾರಿಹೋದವು.

ಈ ಗೂಡಿನ ಜಾಗ ತಿಳಿದಿದ್ದ ಇನ್ನೊಬ್ಬನೆಂದರೆ ಮುರುಗೇಶ್. ಹಂಪಿ ರಸ್ತೆಯಲ್ಲಿ ಅವನದೊಂದು ಖಾನಾವಳಿ, ಹಿಂದೆ ಪ್ರವಾಸಿಗರಿಗೆ ಮೂರು ಕೋಣೆ. ಹಂಪಮ್ಮನಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವಳ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಳಗೆ ಅವಳ ಹೆಸರು ಬರೆಸಿ, ಗೋಡೆಗೆ ತೂಗುಹಾಕಿದ ಮೊದಲಿಗ ಅವನೇ. ಅವಳ ಗಂಡ ಕೂಡ ಅಲ್ಲಿಯವರೆಗೆ ಅದನ್ನೊಂದು ಆಟವೆಂದೇ ತಿಳಿದಿದ್ದ. ಭಾನುವಾರ ಬೆಳಗ್ಗೆ ಮುರುಗೇಶ್ ಬೈಕ್ ತರುತ್ತಿದ್ದ, ಅಕ್ಕ ಹಿಂದೆ ಕೂತುಕೊಳ್ಳುತ್ತಿದ್ದಳು. ಸಂಡೂರಿನ ಕಾಡು, ಕಮಲಾಪುರದ ಕೆರೆ ಎಂದು ಇಬ್ಬರೂ ತಿರುಗಿದರು. ಕಂಪ್ಲಿಯವರೆಗಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಚಿತ್ರ ತೋರಿಸಿದರು. ಅವಳಿಗೆ ನಾಲ್ಕು ಮಂದಿಯ ಮುಂದೆ ಮಾತು ಬಾರದು. ಮಾತು ಅವನದು. "ಗೂಡು ಎಲ್ಲೈತಿ ಅಂತ ಯಾರಿಗೂ ಹೇಳಬಾರ್ದು. ಹಕ್ಕಿ ನಮ್ಮನ್ನ ನಂಬಿ ಗೂಡು ಕಟ್ಟೇತಿ" ಎಂದು ಅವನು ಹೇಳುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅದು ಹಂಪಮ್ಮನದೇ ಮಾತು. ಅವನ ಬಾಯಲ್ಲಿ ಚೆಂದ ಕೇಳುತ್ತದೆಂದು ಅವಳೂ ಖುಷಿಪಡುತ್ತಿದ್ದಳು.

ಕಳೆದ ವರ್ಷ ಮಾರ್ಚಿನಲ್ಲಿ ಹೊಸಪೇಟೆಯಲ್ಲಿ ತರಬೇತಿ, ಊರಲ್ಲಿ ಮನೆಮನೆ ಸರ್ವೆ ಎಂದು ಹನ್ನೊಂದು ದಿನ ಅವಳಿಗೆ ಗುಡ್ಡದ ಕಡೆ ಹೋಗಲಾಗಲಿಲ್ಲ. ಹನ್ನೆರಡನೇ ದಿನ ಕಾಲುವೆ ದಾರಿಯಲ್ಲಿ ಜಂಬಪ್ಪ ಎದುರಾದ. ಎಂದಿನಂತೆ ನಗಲಿಲ್ಲ.

"ಏನವ್ವ ಹಂಪಮ್ಮ, ನಿನ್ನ ಮಂದಿ ನನ್ನ ಬದುವೆಲ್ಲ ತುಳಿದು ಹಾಳು ಮಾಡ್ಯಾರ. ಒಂದ ಮಾತು ನೀನ ಬಂದು ಹೇಳಿದ್ರ ಆಗ್ತಿದ್ದಿಲ್ಲೇನು?"

"ಯಾವ ಮಂದಿ ಮಾವ?"

"ಮುರುಗೇಶ ಕರಕೊಂಡು ಬರ್ತಾನಲ್ಲ, ಉದ್ದನ್ನ ಕ್ಯಾಮೆರಾದವರು. ನಾ ಬ್ಯಾಡಂದೆ. ಹಂಪಮ್ಮಕ್ಕನ ಕಳಿಸ್ಯಾಳ ಅಂದ. ನಿನ್ನ ಹೆಸರು ಕೇಳಿ ಸುಮ್ಮನಾದೆ."

ಹಂಪಮ್ಮ ಸರ್ವೆ ಪುಸ್ತಕ ಕೈಯಲ್ಲಿದ್ದಂತೆಯೇ ಗುಡ್ಡ ಹತ್ತಿದಳು.

ಮುಳ್ಳಿನ ಪೊದೆ ಇರಲಿಲ್ಲ. ಕುಡುಗೋಲಿನಿಂದ ಸವರಿದ ಮೋಟುಗಳು ಮಾತ್ರ ಉಳಿದಿದ್ದವು. ಎದುರಿನ ಬಂಡೆಯ ಮೇಲೆ ಹಸಿರು ನೆಟ್ ಕಟ್ಟಿ ಮರೆ ಮಾಡಿದ್ದರು, ಅದರ ಬುಡದಲ್ಲಿ ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿಗಳು. ಬೆಳಗಿನ ಹತ್ತರ ಬಿಸಿಲು ಗೂಡಿನ ಜಾಗದ ಮೇಲೆ ನೇರವಾಗಿ ಬೀಳುತ್ತಿತ್ತು. ಅಲ್ಲಿ ಒಂದು ಮರಿ ಸತ್ತು ಬಿದ್ದಿತ್ತು, ಕಣ್ಣಿಗೆ ಇರುವೆ ಮುತ್ತಿದ್ದವು. ಇನ್ನೊಂದು ಮರಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಹದ್ದು ಒಯ್ದಿತೋ, ನಾಯಿ ಒಯ್ದಿತೋ. ದೂರದ ಬಂಡೆಯ ಮೇಲೆ ತಾಯಿಗೂಬೆ ಹಗಲಲ್ಲೇ ಎದ್ದು ಕೂತು ಇವಳನ್ನೇ ನೋಡುತ್ತಿತ್ತು. ಹಂಪಮ್ಮ ಅಳಲಿಲ್ಲ. ಕ್ಯಾಮೆರಾ ತೆಗೆದು ಮೋಟು, ನೆಟ್, ಬಾಟಲಿ, ಮರಿ, ಒಂದೊಂದರದೂ ಫೋಟೊ ತೆಗೆದುಕೊಂಡಳು.

ಖಾನಾವಳಿಯಲ್ಲಿ ಮುರುಗೇಶ್ ಇಡ್ಲಿ ಬಡಿಸುತ್ತಿದ್ದ. "ಬಾ ಅಕ್ಕ, ಕುಂದ್ರು" ಎಂದ.

"ಗುಡ್ಡಕ್ಕ ಹೋಗಿದ್ದೆ."

ಅವನು ಸೌಟು ಕೆಳಗಿಟ್ಟ. "ಗೆಸ್ಟ್ ಭಾಳ ಕೇಳಿಕೊಂಡ್ರು ಅಕ್ಕ. ಒಂದೆರಡು ಕೊಂಬಿ ಅಡ್ಡ ಬರ್ತಿದ್ವು, ಅಷ್ಟ ತೆಗದ್ವಿ. ಮರಿ ಸಾಯ್ತಾವಂತ ನನಗೇನು ಕನಸು ಬಿದ್ದಿತ್ತಾ?"

"ಎಷ್ಟು ದಿನದಿಂದ ಕರಕೊಂಡು ಹೋಗಾಕ ಹತ್ತೀದಿ?"

"ಸಂಕ್ರಾಂತಿ ಆದ ಮ್ಯಾಲೆ. ನೀ ಆ ಕಡೆ ಬರದ ದಿನ ನೋಡಿ."

ಸಂಕ್ರಾಂತಿಯ ನಂತರ ಆರು ಭಾನುವಾರ ಅವನು ಅವಳ ಜೊತೆ ತಿರುಗಿದ್ದ. ಎರಡು ಶಾಲೆಯಲ್ಲಿ ಗೂಡಿನ ಜಾಗ ಯಾರಿಗೂ ಹೇಳಬಾರದೆಂಬ ಅದೇ ಮಾತು ಆಡಿದ್ದ.

"ಜಂಬಪ್ಪ ಮಾವಗ ನನ್ನ ಹೆಸರು ಯಾಕ ಹೇಳ್ದಿ?"

ಮುರುಗೇಶ್ ತಲೆ ತಗ್ಗಿಸಿದ. "ನಿನ್ನ ಹೆಸರು ಹೇಳಿದ್ರ ಬಿಡ್ತಾನ ಅಂತ ಗೊತ್ತಿತ್ತು."

ಅವಳು ಗೋಡೆಯತ್ತ ನೋಡಿದಳು. ಚಿತ್ರಗಳೆಲ್ಲ ಅಲ್ಲೇ ಇದ್ದವು. ಇಳಿಸಿಕೊಂಡು ಹೋಗಬೇಕೆನಿಸಿತು. ಆದರೆ ಪ್ರಿಂಟ್ ಹಾಕಿಸಿದವನು ಅವನು. ಬರಿಗೈಯಲ್ಲಿ ಹೊರಬಂದಳು.

ಮರುದಿನ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಫೋಟೊಗಳ ಸಮೇತ ದೂರು ಬರೆದುಕೊಟ್ಟಳು. ಮುರುಗೇಶನ ದೊಡ್ಡಪ್ಪ ಪಾಲಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಮನೆಗೆ ಬಂದ. "ಒಂದು ಗೂಬಿ ಸಲುವಾಗಿ ಅಕ್ಕ-ತಮ್ಮ ಕೆಡಿಸಿಕೊಳ್ತೀರೇನು? ಅರ್ಜಿ ವಾಪಸ್ ತಗೊ." ಹಂಪಮ್ಮ ಅವರಿಗೆ ಚಹಾ ಕೊಟ್ಟಳು, ಅರ್ಜಿ ಹಿಂದಕ್ಕೆ ಪಡೆಯಲಿಲ್ಲ. ಅಧಿಕಾರಿಗಳು ಬಂದು ಜಾಗ ನೋಡಿ, ಮುರುಗೇಶನನ್ನು ಕರೆಸಿ, ಕೇಸು ಬರೆದುಕೊಂಡರು. ಊರಲ್ಲಿ ಮಾತು ಎದ್ದದ್ದು ಮಾತ್ರ ಅವಳ ಮೇಲೆ. ದುಡಿದು ತಿನ್ನುವವನ ಹೊಟ್ಟೆ ಮೇಲೆ ಹೊಡೆದಳು ಎಂದರು.

ಅದನ್ನೂ ಅವಳು ತಡೆದುಕೊಂಡಳು. ತಡೆಯಲಾಗದ್ದು ಜಂಬಪ್ಪನ ಮಾತು. ಮೇ ತಿಂಗಳಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದದ್ದು ಕಂಡು ಅವಳು ಓಡಿಹೋದಾಗ ಅವನೇ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ.

"ಮಾವ, ನಾ ಕಳಿಸಿದ್ದಿಲ್ರಿ. ಅವ ಸುಳ್ಳು ಹೇಳ್ಯಾನ."

"ಸುಳ್ಳ ಇರಬಹುದು. ಅವನ್ನ ನನ್ನ ಹೊಲಕ್ಕ ಮೊದಲು ಕರಕೊಂಡು ಬಂದಾಕಿ ಯಾರು?"

ಹೌದು, ಅವಳೇ.

ಜೂನಿನಲ್ಲಿ ಕಂಪ್ಲಿಯ ಶಾಲೆಯೊಂದರಿಂದ ಕರೆ ಬಂತು. ಅವನ ಜೊತೆಗಾದರೆ ಬರುವುದಿಲ್ಲ ಎಂದಳು. ಮುರುಗೇಶ್ ಒಬ್ಬನೇ ಹೋದ. ಅವಳ ಚಿತ್ರಗಳನ್ನೇ ತೋರಿಸಿದನಂತೆ, ಭಾಳ ಚೆನ್ನಾಗಿ ಮಾತಾಡಿದನಂತೆ.

ನವೆಂಬರಿನ ಒಂದು ಸಂಜೆ, ಬಾಣಂತಿಯೊಬ್ಬಳನ್ನು ನೋಡಿ ಬರುವಾಗ ಕಾಲುವೆಯಾಚೆಯ ಬೇರೊಂದು ಗುಡ್ಡದಿಂದ ಆ ಜೋಡಿಯ ಕೂಗು ಕೇಳಿಸಿತು. ಬಂಡೆಯ ತುದಿಯಲ್ಲಿ ಎರಡೂ ಕೂತಿದ್ದವು. ಹಂಪಮ್ಮ ಕ್ಯಾಮೆರಾ ಹೊರತೆಗೆಯಲಿಲ್ಲ. ಗಂಡನಿಗೂ ಹೇಳಲಿಲ್ಲ.

ಜನವರಿಯಲ್ಲಿ ಮುರುಗೇಶನ ಹೆಂಡತಿ ತ್ರಿವೇಣಿಗೆ ಹೆಣ್ಣುಮಗು ಹುಟ್ಟಿತು. ಮೂರನೇ ದಿನ, ಏಳನೇ ದಿನ, ಹೀಗೆ ಆರು ಸಲ ಆ ಮನೆಗೆ ಹೋಗುವುದು ಹಂಪಮ್ಮನ ಕೆಲಸ. ಮೂರನೇ ದಿನ ಹೋದಳು. ಕೈ ತೊಳೆದು ಮಗುವನ್ನು ತೂಗಿದಳು, ಮೈಬಿಸಿ ನೋಡಿದಳು, ಹೊಕ್ಕುಳು ಒಣಗಿದೆಯೇ ಎಂದು ಪರೀಕ್ಷಿಸಿದಳು. ತ್ರಿವೇಣಿ ಮುಖ ಎತ್ತಲಿಲ್ಲ. ಮುರುಗೇಶ್ ಬಾಗಿಲಲ್ಲಿ ನಿಂತಿದ್ದ.

"ಅಕ್ಕ, ಗೂಬಿ ಮತ್ತ ಬಂದಾವಂತಲ್ಲ," ಎಂದ ಮೆಲ್ಲಗೆ. "ಯಾವ ಗುಡ್ಡ?"

ಹಂಪಮ್ಮ ಮಗುವಿಗೆ ಬಟ್ಟೆ ಸುತ್ತಿ ತಾಯಿಯ ಮಡಿಲಿಗೆ ಹಾಕಿದಳು.

"ಕೂಸಿನ ಮೈ ಬೆಚ್ಚಗ ಇಡು ತ್ರಿವೇಣಿ. ಎದಿಹಾಲು ಬಿಟ್ಟು ಬ್ಯಾರೆ ಏನೂ ಕೊಡಬ್ಯಾಡ. ನಾ ಏಳನೇ ದಿನಕ್ಕ ಬರ್ತೀನಿ."

ಅವನನ್ನು ದಾಟಿ ಹೊರಬಂದು ಚಪ್ಪಲಿ ಮೆಟ್ಟಿಕೊಂಡಳು. ಇನ್ನೂ ನಾಲ್ಕು ಮನೆ ಬಾಕಿ ಇದ್ದವು.