ಮೀನಿನ ಮನೆಗೆ ಒಂದು ಹಿಡಿ ಉಪ್ಪು

ಮನೆಯಲ್ಲೊಂದು ಸಮುದ್ರ ಬೇಕು ಎಂದು ನನಗೆ ಅನ್ನಿಸಿದ್ದು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ. ದವಡೆ ಹಿಡಿದುಕೊಂಡು ಕೂತವಳ ಎದುರಿಗೆ ಒಂದು ಗಾಜಿನ ಟ್ಯಾಂಕು, ಅದರೊಳಗೆ ಕಲ್ಲು, ಕಲ್ಲಿನ ಮೇಲೆ ಹೂವಿನ ಹಾಗೆ ಅರಳಿ ತೂಗುವ ಹವಳ, ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನು. ನನ್ನ ಪಾಳಿ ಬಂದಾಗ, ಇನ್ನೊಬ್ಬರನ್ನು ಮೊದಲು ಕಳಿಸಿ ಎಂದೆ. ಹಲ್ಲು ಕೀಳಿಸಿಕೊಳ್ಳಲು ಹೆದರಿದ್ದಾಳೆ ಎಂದುಕೊಂಡಿರಬೇಕು ಅವರು.

ಪುಣೆಯಲ್ಲಿ ನಮ್ಮದೊಂದು ಖಾನಾವಳಿ. ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷವಾಯಿತು. ಕೆಳಗೆ ಖಾನಾವಳಿ, ಮೇಲೆ ಮನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಸಾರು, ಶೇಂಗಾ ಹಿಂಡಿ. ಉಣ್ಣಲು ಬರುವವರು ಕಟ್ಟಡ ಕೆಲಸದ ನಮ್ಮ ಕಡೆಯ ಮಂದಿ, ಆಫೀಸಿನ ಗುಮಾಸ್ತರು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಲೇ ಮತ್ತೆ ಮತ್ತೆ ಬರುವ ಮರಾಠಿಯವರು. ಗಲ್ಲಾ ಯಜಮಾನರದು, ಒಲೆ ನನ್ನದು. ನನ್ನ ಅಡುಗೆಮನೆಯಲ್ಲಿ ತಕ್ಕಡಿ ಇಲ್ಲ, ಅಳತೆಯ ಚಮಚವಿಲ್ಲ. ಹಿಡಿ ಇದೆ, ಚಿಟಿಕೆ ಇದೆ, ನಾಲಿಗೆ ಇದೆ. ಹತ್ತು ಮಂದಿ ಹೆಚ್ಚಿಗೆ ಬಂದರೆ ಸಾರಿಗೆ ನೀರು ಬೆರೆಸುತ್ತೇನೆ, ನೀರಿನ ಹಿಂದೆಯೇ ಉಪ್ಪು ಹಾಕುತ್ತೇನೆ. ಯೋಚಿಸುವುದೇ ಇಲ್ಲ, ಕೈ ತಾನೇ ಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ಮುಂದಿನ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಹಲ್ಲು ಹೋಯಿತು, ಆಸೆ ಹೋಗಲಿಲ್ಲ. ಸಮುದ್ರದ ಮೀನು ಮಾರುವ ಅಂಗಡಿಯೊಂದನ್ನು ಹುಡುಕಿಕೊಂಡು ಹೋದೆ. ಅಂಗಡಿಯವನು ನಲವತ್ತರ ಆಸುಪಾಸಿನ ಮರಾಠಿ ಮನುಷ್ಯ, ಸಮಾಧಾನಿ. ಎರಡಡಿ ಉದ್ದದ ಟ್ಯಾಂಕು, ಮರಳು, ಸಮುದ್ರದ ಕಲ್ಲು, ಪಂಪು, ಲೈಟು ಎಲ್ಲ ತಂದು ಮೇಲಿನ ಕೋಣೆಯಲ್ಲಿ ಜೋಡಿಸಿಕೊಟ್ಟ. ನಮ್ಮ ಫಿಲ್ಟರಿನ ಶುದ್ಧ ನೀರಿಗೆ ಪ್ಯಾಕೆಟ್ಟಿನ ಸಮುದ್ರದ ಉಪ್ಪನ್ನು ಅಳೆದು ಬೆರೆಸಿದ. ಉಪ್ಪು ನೋಡಲೆಂದು ಪುಟ್ಟ ದುರ್ಬೀನಿನಂಥ ಒಂದು ಮೀಟರ್ ಕೊಟ್ಟ. ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ ಒಳಗೆ ಅಂಕಿ ಕಾಣುತ್ತದೆ. ಮೂವತ್ತೈದು ಇರಬೇಕು ಎಂದ. ನನಗೆ ನಗು ಬಂತು. ಉಪ್ಪು ನೋಡಲು ಖಾನಾವಳಿಯವಳಿಗೆ ಮೀಟರ್! ಅದನ್ನು ಮಸಾಲೆ ಕಪಾಟಿನ ಒಂದು ಡಬ್ಬಿಯಲ್ಲಿ ಹಾಕಿಟ್ಟೆ.

ಮೊದಲ ಒಂದು ತಿಂಗಳು ಮೀನು ಬಿಡುವಂತಿರಲಿಲ್ಲ. ನೀರು ಹದಕ್ಕೆ ಬರಬೇಕಂತೆ; ಅಲ್ಲಿಯವರೆಗೆ ಅಂಗಡಿಯವನೇ ಬಂದು ನೀರು ನೋಡಿಕೊಂಡ. ಅಷ್ಟು ದಿನ ಬರೀ ಕಲ್ಲು, ಉಪ್ಪುನೀರು, ಮೇಲೊಂದು ಚೆಂದದ ಲೈಟು. ಅಕ್ಕಪಕ್ಕದವರು ಬಂದು ನೋಡಿ ಏನು ಹೇಳಬೇಕೋ ತಿಳಿಯದೆ ಚಹಾ ಕುಡಿದು ಹೋಗುತ್ತಿದ್ದರು. ಯಜಮಾನರಿಗಂತೂ ಹಬ್ಬ. ಊಟಕ್ಕೆ ಬಂದವರಿಗೆಲ್ಲ ಅದನ್ನೇ ಹೇಳಿದರು: “ಕಾಳು ನೆನಿ ಹಾಕೂದು ನೋಡೀರಿ. ನಮ್ಮಾಕಿ ಕಲ್ಲು ನೆನಿ ಹಾಕ್ಯಾಳ.”

ಏಪ್ರಿಲ್‌ನಲ್ಲಿ ಜೋಡಿ ಮೀನು ಬಂದವು, ಜೊತೆಗೆ ಅಂಗೈಯಗಲದ ಕಲ್ಲಿನ ಮೇಲೆ ಹಸಿರು ಹವಳ. ಮೀನುಗಳು ನೀರಿಗಿಳಿದು ಒಂದನ್ನೊಂದು ಅಂಟಿಕೊಂಡು ಟ್ಯಾಂಕಿನ ಮೂಲೆಮೂಲೆ ನೋಡಿದವು, ಬಾಡಿಗೆ ಮನೆ ನೋಡಲು ಬಂದ ಹೊಸ ದಂಪತಿಯ ಹಾಗೆ. ಮೂವತ್ತು ವರ್ಷದಲ್ಲಿ ಬರೀ ನನಗೆಂದು ನಾನು ತಂದುಕೊಂಡದ್ದು ಇದೊಂದೇ. ಅವುಗಳಿಗೆ ಏನಾದರೂ ಆದರೆ ಇನ್ನೊಂದು ಸಲ ತರುವ ಧೈರ್ಯ ನನಗಿಲ್ಲ ಎಂದು ಅಂದೇ ಗೊತ್ತಿತ್ತು.

ಮರುದಿನ ಯಜಮಾನರು ಜೇಜುರಿಗೆ ಹೋಗಿ ಬಂದರು. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ. ಅಲ್ಲಿಂದ ತಂದ ಭಂಡಾರದ ಅರಿಶಿನ ಮನೆಗೆ ಬಂದ ಹೊಸ ವಸ್ತುವಿಗೆಲ್ಲ ಬೀಳಲೇಬೇಕು. ಸ್ಕೂಟರಿಗೆ ಬಿದ್ದಿದೆ, ಮಿಕ್ಸರಿಗೆ ಬಿದ್ದಿದೆ. ಚಿಟಿಕೆ ಹಿಡಿದು ಟ್ಯಾಂಕಿನ ಹತ್ತಿರ ಬಂದವರನ್ನು ನಾನು ಅಲ್ಲೇ ತಡೆದೆ. ಒಂದು ಕಣ ನೀರಿಗೆ ಬಿದ್ದರೂ ಮೀನಿನ ಜೀವ ಹೋಗುತ್ತದೆ ಎಂದು ಹೆದರಿಸಿದೆ. ಅವರು ಹೊರಗಿನ ಗಾಜಿಗೆ ಒಂದು ಬೊಟ್ಟು ಹಚ್ಚಿ, ಕೈ ಮುಗಿದು ಕೆಳಗಿಳಿದರು. ನೀರಿನ ವಿಷಯದಲ್ಲಿ ನಾನು ಎಷ್ಟು ಹುಷಾರಿ ಎಂದು ನನಗೇ ಹೆಮ್ಮೆಯಾಯಿತು.

ಆ ಬೇಸಿಗೆಯ ಒಣ ಬಿಸಿಲಿಗೆ ಟ್ಯಾಂಕಿನ ನೀರು ದಿನಕ್ಕೊಂದು ಜಗ್ಗಿನಷ್ಟು ಇಳಿಯುತ್ತಿತ್ತು. ಇಳಿದಷ್ಟು ಸಾದಾ ನೀರು ಹಾಕಿ ಎಂದು ಅಂಗಡಿಯವನು ಹೇಳಿದ್ದ, ನಾನು ಕೇಳಿಸಿಕೊಂಡೂ ಇದ್ದೆ. ಆದರೆ ನೀರು ಹಾಕಿ ಉಪ್ಪು ಹಾಕದಿದ್ದರೆ ಅರ್ಧ ಕೆಲಸ ಮಾಡಿದಂತೆ ನನಗೆ. ಪಾಪ, ಗಂಡಸು, ಅಡುಗೆ ಮಾಡಿ ಗೊತ್ತಿಲ್ಲ ಎಂದುಕೊಂಡೆ. ದಿನಾ ಬೆಳಿಗ್ಗೆ ಒಂದು ಜಗ್ಗು ನೀರಿಗೆ ಪ್ಯಾಕೆಟ್ಟಿನ ಉಪ್ಪು ಒಂದು ಹಿಡಿ ಕದಡಿ ಹಾಕುತ್ತಿದ್ದೆ. ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ. ಸಮುದ್ರದ ಹಾಗೆಯೇ ಇತ್ತು.

ಮೀನು ಬಂದ ಹನ್ನೆರಡನೆಯ ದಿನ ಹವಳ ಅರಳಲಿಲ್ಲ. ಮೀನುಗಳು ತಳದ ಮೂಲೆಯಲ್ಲಿ ನಿಂತು ಬಾಯಿ ತೆರೆದು ಮುಚ್ಚಿ ಏದುಸಿರು ಬಿಡುತ್ತಿದ್ದವು. ಹಾಕಿದ ಮೀನಿನ ಆಹಾರದ ಕಾಳು ಮೂಗಿನ ಮುಂದೆಯೇ ತೇಲಿ ಹೋದರೂ ಬಾಯಿ ಹಾಕಲಿಲ್ಲ. ಊರಿಗೆಲ್ಲ ಉಣ್ಣಲಿಕ್ಕೆ ನೀಡುವವಳಿಗೆ, ಎದುರಿಗಿದ್ದವರು ಉಣ್ಣದಿದ್ದರೆ ಆಗುವ ಸಂಕಟ ಬೇರೆಯವರಿಗೆ ತಿಳಿಯದು. ಗಾಜಿನ ಮೇಲಿನ ಅರಿಶಿನದ ಬೊಟ್ಟು ಕಣ್ಣಿಗೆ ಬಿತ್ತು. ನನ್ನ ಸಿಟ್ಟಿಗೆ ಅಷ್ಟೇ ಸಾಕಿತ್ತು. ನನಗೆ ತಿಳಿಯದ ಹಾಗೆ ಭಂಡಾರ ಒಳಗೂ ಹಾಕಿದ್ದೀರಿ ಎಂದು ಯಜಮಾನರ ಮೇಲೆ ಹರಿಹಾಯ್ದೆ.

“ಹೊರಗ ಹಚ್ಚೀನಿ. ಒಳಗ ಒಂದ ಚೂರೂ ಬಿದ್ದಿಲ್ಲ,” ಎಂದರು ಅವರು.

“ದೇವರ ಹೆಸರಿನಾಗ ಎರಡು ಜೀವ ತಗೊಂಡ್ರಿ ನೀವು,” ಎಂದೆ. ಅವರು ಕೆಳಗೆ ಹೋಗಿ ಗಲ್ಲಾದ ಮೇಲೆ ಕೂತರು.

ಮರುದಿನ ಬೆಳಿಗ್ಗೆ ಅಂಗಡಿಯವನನ್ನು ಕರೆಸಿದೆ. ದಿನಾ ಏನೇನು ಮಾಡುತ್ತೀರಿ ಹೇಳಿ ಎಂದ. ಪಾಠ ಒಪ್ಪಿಸುವ ಹಾಗೆ ಹೇಳಿದೆ. ಬೆಳಿಗ್ಗೆ ಲೈಟು, ಆಮೇಲೆ ಕಾಳು, ಆಮೇಲೆ ಒಂದು ಜಗ್ಗು ನೀರು, ಒಂದು ಹಿಡಿ ಉಪ್ಪು. ಉಪ್ಪು ಎಂದದ್ದೇ ತಡ, ಅವನು ಟ್ಯಾಂಕಿನ ಕಡೆ ತಿರುಗಿದ. ಮೀಟರ್ ಎಲ್ಲಿ ಎಂದ. ಮಸಾಲೆ ಕಪಾಟಿನಿಂದ ತಂದುಕೊಟ್ಟೆ. ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನಗೂ ಕೊಟ್ಟ. ನಲವತ್ತಮೂರು.

“ಪಾಣಿ ಉಡತಂ, ಕಾಕೂ. ಮೀಠ ನಾಹಿ ಉಡತ,” ಎಂದ. ನೀರು ಆರಿ ಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಇದ್ದ ಉಪ್ಪಿನ ಮೇಲೆ ದಿನಾ ಒಂದೊಂದು ಹಿಡಿ ಸುರಿದವಳು ನಾನು. ಅಷ್ಟು ಉಪ್ಪಿನಲ್ಲಿ ನಾಲಿಗೆಗೆ ಹೆಚ್ಚು ಕಡಿಮೆ ತಿಳಿಯುವುದೇ ಇಲ್ಲವಂತೆ. ಬಾಗಿಲಲ್ಲಿ ಯಜಮಾನರು ನಿಂತು ಕೇಳುತ್ತಿದ್ದರು. ಮುಖ ಎಲ್ಲಿಡಲಿ ಎಂದು ನನಗೆ ತಿಳಿಯಲಿಲ್ಲ.

ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಹಿಟ್ಟಿನ ಉಂಡೆ ಬಿಟ್ಟೋ, ಬೇಳೆ ಬೆರೆಸಿಯೋ ಹತ್ತು ನಿಮಿಷದಲ್ಲಿ ಸರಿ ಮಾಡುತ್ತೇನೆ. ಇಲ್ಲಿ ಹಾಗಿಲ್ಲ. ಒಮ್ಮೆಲೇ ಸಪ್ಪೆ ಮಾಡಿದರೂ ಮೀನು ಸಾಯುತ್ತವೆ. ಬೆಳಿಗ್ಗೆ ಒಂದು ಜಗ್ಗು, ಸಂಜೆ ಒಂದು ಜಗ್ಗು ತೆಗೆದು ಅಷ್ಟೇ ಸಾದಾ ನೀರು ಹಾಕಬೇಕು, ಎಂಟು ದಿನ ಕಾಯಬೇಕು. ಅಲ್ಲಿಯವರೆಗೆ ಬದುಕಿರುತ್ತವೆಯೇ ಎಂದು ಕೇಳಿದೆ. ನೋಡೋಣ ಎಂದ.

ಅವನು ಹೋದ ಮೇಲೆ ಯಜಮಾನರು ಜಗ್ಗು ತಂದು ನನ್ನ ಕೈಗೆ ಕೊಟ್ಟರು. “ಉಪ್ಪು ತಿಂದವರು ನೀರು ಕುಡೀಬೇಕು ಅಂತಾರ. ಉಪ್ಪು ಹಾಕಿದವರು ನೀರು ಹಾಕ್ರಿ ಈಗ,” ಎಂದರು. ನನಗೆ ಅವರು ‘ರಿ’ ಹಚ್ಚುವುದು ಚಾಷ್ಟಿ, ಗೇಲಿ ಮಾಡುವಾಗ ಮಾತ್ರ. ಬೈದಿದ್ದರೇ ಚೆನ್ನಾಗಿತ್ತು.

ಮೀಟರ್ ನೋಡುವ ಧೈರ್ಯ ನನಗಿರಲಿಲ್ಲ. ಅದನ್ನು ಅವರೇ ವಹಿಸಿಕೊಂಡರು. ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ಒಂದು ಕಣ್ಣು ಮುಚ್ಚಿ ನಿಂತು ಮೆಟ್ಟಿಲ ಮೇಲಿಂದ ಕೂಗಿ ಹೇಳುತ್ತಿದ್ದರು. ನಲವತ್ತೆರಡು. ನಲವತ್ತೊಂದು. ನಾನು ಕೆಳಗೆ ರೊಟ್ಟಿ ಬಡಿಯುತ್ತಾ, ಅಂಕಿಯ ಜೊತೆ ಇನ್ನೊಂದು ಮಾತು ಬರುತ್ತದೇನೋ ಎಂದು ಕಿವಿ ಮೇಲಕ್ಕೇ ಇಟ್ಟಿರುತ್ತಿದ್ದೆ. ಐದನೆಯ ದಿನ ಸಣ್ಣ ಮೀನು ಒಂದು ಕಾಳು ತಿಂದು ಉಗುಳಿತು. ಉಗುಳಲಿ, ಬಾಯಿಯಂತೂ ತೆರೆಯಿತಲ್ಲ ಎಂದು ನಾನು ಅಂದೆಲ್ಲ ಗುನುಗಿದೆ.

ಎಂಟನೆಯ ದಿನ ಅಂಕಿ ಕೂಗಿ ಹೇಳಲಿಲ್ಲ, ನನ್ನನ್ನೇ ಮೇಲೆ ಕರೆದರು. ಕೈಗೆ ಅಂಟಿದ ಹಿಟ್ಟು ಒರೆಸಿಕೊಳ್ಳದೆ ಓಡಿದೆ. ಹವಳ ಪೂರ್ತಿ ಅರಳಿತ್ತು. ಎರಡೂ ಮೀನು ಗಾಜಿನ ಮುಂದೆ ಬಂದು, ಆ ಅರಿಶಿನದ ಬೊಟ್ಟಿನ ಹತ್ತಿರವೇ, ಊಟ ಎಲ್ಲಿ ಎಂಬಂತೆ ಕುಣಿಯುತ್ತಿದ್ದವು. ಕಾಳು ಹಾಕಿದೆ, ಒಂದೂ ಬಿಡದೆ ತಿಂದವು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಎಂಟು ದಿನದಿಂದ ಎದೆಯ ಮೇಲಿದ್ದ ಭಾರ ಇಳಿಯಿತು.

“ತಪ್ಪು ನಂದ್ರಿ,” ಎಂದೆ. “ಸುಮ್ಮ ಸುಮ್ಮನ ನಿಮ್ಮನ್ನ ಅಂದೆ.”

“ರೊಟ್ಟಿ ಹೊತ್ತತಾವ, ನಡಿ,” ಎಂದರು.

ಅಂದು ಮಧ್ಯಾಹ್ನ, ಹನ್ನೆರಡು ವರ್ಷದಿಂದ ನಮ್ಮಲ್ಲೇ ಉಣ್ಣುವ ಹಿರಿಯ ಗುಮಾಸ್ತರು ಸಾರಿನ ವಾಟಿ ಕೆಳಗಿಟ್ಟು ನನ್ನನ್ನು ಕರೆದರು. “ಅಕ್ಕಾರ, ಇವತ್ತ ಸಾರಿಗೆ ಉಪ್ಪು ಬಿದ್ದದ ನೋಡ್ರಿ. ಭಾಳ ದಿನ ಆಗಿತ್ತು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಂಟು ದಿನ ನನ್ನ ಕೈ ಉಪ್ಪಿಗೆ ಹೆದರಿತ್ತು. ರುಚಿ ನೋಡಿದರೆ ಎಲ್ಲವೂ ಉಪ್ಪೆನಿಸುತ್ತಿತ್ತು. ಸಪ್ಪೆ ಸಾರು, ಸಪ್ಪೆ ಪಲ್ಯವನ್ನೇ ಒಲೆಯ ಮುಂದಿನಿಂದ ಹೊರಗೆ ಕಳಿಸಿದ್ದೇನೆ, ಒಬ್ಬರೂ ತುಟಿ ಬಿಚ್ಚಲಿಲ್ಲ. ಆಗ ನೋಡಿದೆ, ಒಂದೊಂದು ಮೇಜಿನ ಮೇಲೂ ಒಂದೊಂದು ಉಪ್ಪಿನ ಬಟ್ಟಲು. ನಮ್ಮ ಖಾನಾವಳಿಯಲ್ಲಿ ಹಿಂದೆಂದೂ ಅದನ್ನು ಇಟ್ಟದ್ದಿಲ್ಲ. ಯಾರು ಇಟ್ಟದ್ದು ಎಂದು ಕೇಳಿದೆ.

ಗುಮಾಸ್ತರು ಗಲ್ಲಾದ ಕಡೆ ಕೈ ತೋರಿಸಿದರು. “ಮೀನು ಉಣ್ಣೂ ತನಕ ಯಾರೂ ಏನೂ ಅನಬ್ಯಾಡ್ರಿ ಅಂದಿದ್ರು.”

ಯಜಮಾನರು ಆಗಲೇ ಎದ್ದಿದ್ದರು. ನನ್ನ ಕಡೆ ನೋಡದೆ, ಮೇಜಿನಿಂದ ಮೇಜಿಗೆ ಹೋಗಿ ಬಟ್ಟಲುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು.